ಲಕ್ಷದ್ವೀಪದ ದೈತ್ಯ ಕಪ್ಪೆಚಿಪ್ಪು: ಬೆಳವಣಿಗೆ, ಸಂತಾನೋತ್ಪತ್ತಿ ಮತ್ತು ಸಂರಕ್ಷಣೆ

ಪೀಠಿಕೆ

ಅರಬ್ಬೀ ಸಮುದ್ರದಲ್ಲಿರುವ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವು ಸುಮಾರು 32 ಚದರ ಕಿಲೋಮೀಟರ್ ಭೂಭಾಗವನ್ನು ಮಾತ್ರ ಹೊಂದಿದ್ದು, ಹವಳದ ದಿಬ್ಬಗಳು ಸುತ್ತುವರಿದಿರುವ ಅದರ ಲಗೂನುಗಳ ವಿಸ್ತೀರ್ಣವು ಸುಮಾರು 4,200 ಚದರ ಕಿಲೋಮೀಟರ್‌ಗಳಷ್ಟಿರುತ್ತದೆ. ಕರಾವಳಿ ಕರ್ನಾಟಕಕ್ಕೂ ಈ ದ್ವೀಪಗಳಿಗೂ ಹಳೆಯ ನಂಟಿದೆ. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವು ರಚನೆಯಾಗುವವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು. ಮಂಗಳೂರಿನ ಹಳೇ ಬಂದರಿನಿಂದ ದ್ವೀಪಗಳಿಗೆ ಮಂಜಿಗಳ ಮೂಲಕ ಸರಕು ಸಾಗಿಸುವ ಪದ್ಧತಿಯು ಇಂದಿಗೂ ಉಳಿದುಕೊಂಡಿದೆ.

ಈ ಲಗೂನುಗಳ ತಿಳಿನೀರಿನಲ್ಲಿ, ಹವಳದ ಕಲ್ಲಿನೊಳಗೆ ಅರ್ಧ ಹುದುಗಿಕೊಂಡು, ನೀಲಿ, ಹಸಿರು ಹಾಗೂ ಕಂದು ಬಣ್ಣದ ಅಲೆಯಲೆಯಾದ ತುಟಿಗಳನ್ನು ಹೊರಚಾಚಿರುವ ಚಿಪ್ಪುಜೀವಿಯೊಂದು ಪ್ರವಾಸಿಗರ ಗಮನ ಸೆಳೆಯುತ್ತದೆ. ಇದೇ ದೈತ್ಯ ಕಪ್ಪೆಚಿಪ್ಪು. "ದೊಡ್ಡದೊಂದನ್ನು ತೆಗೆದರೆ ನಷ್ಟವೇನು, ಸಣ್ಣವು ಬೆಳೆದು ಆ ಸ್ಥಾನವನ್ನು ತುಂಬುತ್ತವೆ" ಎಂಬ ಅಭಿಪ್ರಾಯವು ಸಾಮಾನ್ಯವಾಗಿದೆ. ಆದರೆ ಈ ಜೀವಿಯ ಬೆಳವಣಿಗೆ ಮತ್ತು ಸಂತಾನೋತ್ಪತ್ತಿಯ ಕ್ರಮವನ್ನು ಅರಿತಾಗ ಈ ಅಭಿಪ್ರಾಯವು ತಪ್ಪೆಂಬುದು ಸ್ಪಷ್ಟವಾಗುತ್ತದೆ. ದ್ವೀಪಗಳಿಗೆ ಭೇಟಿ ನೀಡಲು ಪ್ರವೇಶ ಪರವಾನಗಿ ಕೋರುವವರ, ಸಂಶೋಧನೆಗಾಗಿ ಅನುಮತಿ ಬಯಸುವವರ ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಜೀವಿಯ ಪರಿಚಯ

ಎರಡು ಚಿಪ್ಪುಗಳು ಕೀಲಿನಂತೆ ಕೂಡಿಕೊಂಡು, ಅವುಗಳ ನಡುವೆ ಮೃದುವಾದ ದೇಹವನ್ನು ಹೊಂದಿರುವ ಜಲಚರಗಳನ್ನು ದ್ವಿಕವಾಟಿಗಳೆಂದು ಕರೆಯಲಾಗುತ್ತದೆ. ಕರಾವಳಿಯ ಅಳಿವೆಗಳಲ್ಲಿ ದೊರೆಯುವ, ತುಳುವಿನಲ್ಲಿ ಮರುವಾಯಿ ಎಂದು ಹೆಸರಾಗಿರುವ ಚಿಪ್ಪುಗಳೂ, ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಪಚ್ಚಿಲೆಯೂ ಇದೇ ಗುಂಪಿಗೆ ಸೇರಿದವು. ದೈತ್ಯ ಕಪ್ಪೆಚಿಪ್ಪು ಇವುಗಳ ದೂರದ ಸಂಬಂಧಿಯಾಗಿದ್ದರೂ ಜೀವನಕ್ರಮದಲ್ಲಿ ಬಹಳ ಭಿನ್ನವಾಗಿದೆ.

ಲಕ್ಷದ್ವೀಪದಲ್ಲಿ ಮುಖ್ಯವಾಗಿ ಕಂಡುಬರುವ ಪ್ರಭೇದವು ಟ್ರೈಡ್ಯಾಕ್ನಾ ಮ್ಯಾಕ್ಸಿಮಾ. ಇದರೊಂದಿಗೆ ಟ್ರೈಡ್ಯಾಕ್ನಾ ಸ್ಕ್ವಾಮೋಸಾ ಎಂಬ ಪ್ರಭೇದವೂ ವರದಿಯಾಗಿದೆ. 'ಮ್ಯಾಕ್ಸಿಮಾ' ಎಂಬುದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಅತಿ ದೊಡ್ಡದು' ಎಂಬ ಅರ್ಥವಿದ್ದರೂ ಈ ಕುಲದಲ್ಲಿ ಇದು ಸಣ್ಣ ಗಾತ್ರದ್ದೇ ಆಗಿದೆ. ಇದು ಹೆಚ್ಚೆಂದರೆ 35 ರಿಂದ 40 ಸೆಂಟಿಮೀಟರ್ ಉದ್ದ ಬೆಳೆಯಬಲ್ಲುದಾದರೂ ಸಾಮಾನ್ಯವಾಗಿ ಕಾಣಸಿಗುವವು 20 ಸೆಂಟಿಮೀಟರ್ ಅಥವಾ ಅದಕ್ಕಿಂತ ಚಿಕ್ಕವು. ನಿಜವಾಗಿ ಅತಿ ದೊಡ್ಡದಾಗಿರುವುದು ಪೆಸಿಫಿಕ್ ಸಾಗರದ ಪಶ್ಚಿಮ ಭಾಗ ಮತ್ತು ಅದರ ಆಸುಪಾಸಿನಲ್ಲಿರುವ ಟ್ರೈಡ್ಯಾಕ್ನಾ ಜೈಗಸ್. ಅದು ಒಂದು ಮೀಟರಿಗೂ ಮೀರಿ ಬೆಳೆದು 200 ಕಿಲೋಗ್ರಾಂಗಿಂತ ಹೆಚ್ಚು ತೂಗಬಲ್ಲುದು.

ಟ್ರೈಡ್ಯಾಕ್ನಾ ಮ್ಯಾಕ್ಸಿಮಾ ಪ್ರಭೇದವು ಆಫ್ರಿಕಾದ ಪೂರ್ವ ಕರಾವಳಿ ಮತ್ತು ಕೆಂಪು ಸಮುದ್ರದಿಂದ ಹಿಡಿದು ಪಾಲಿನೇಷಿಯಾ ದ್ವೀಪಗಳವರೆಗೆ ವ್ಯಾಪಿಸಿದೆ. ಇಷ್ಟು ವಿಸ್ತಾರವಾದ ನೆಲೆಯಿದ್ದರೂ ಪ್ರತಿಯೊಂದು ದ್ವೀಪದ ಸುತ್ತಲಿನ ಸಂತತಿಯು ಬಹುಮಟ್ಟಿಗೆ ಅಲ್ಲಿಯ ದಿಬ್ಬದ ಆರೋಗ್ಯವನ್ನೇ ಅವಲಂಬಿಸಿರುತ್ತದೆ.

2. ವಾಸಸ್ಥಳ ಮತ್ತು ಆಹಾರ

ಈ ಜೀವಿಯು ಮರಿಯಾಗಿದ್ದಾಗ ಆರಿಸಿಕೊಂಡ ಸ್ಥಳದಲ್ಲಿಯೇ ಬಾಳುತ್ತದೆ. ದೇಹದಿಂದ ಹೊರಡುವ ಗಟ್ಟಿಯಾದ ಅಂಟುನೂಲುಗಳಿಂದ ಹವಳದ ಕಲ್ಲಿಗೆ ಅಂಟಿಕೊಂಡು, ಕಲ್ಲನ್ನು ನಿಧಾನವಾಗಿ ಸವೆಸುತ್ತ ಅದರೊಳಗೆ ಭಾಗಶಃ ಹುದುಗಿಕೊಳ್ಳುತ್ತದೆ. ಚಿಪ್ಪಿನ ಕೀಲು ಕೆಳಗೂ ಬಾಯಿ ಮೇಲಕ್ಕೂ ಇರುತ್ತದೆ. ಬಲವಂತವಾಗಿ ಕಿತ್ತಾಗ ಅಂಟುನೂಲುಗಳ ಬುಡದಲ್ಲಿರುವ ಮೃದು ಭಾಗವು ಹರಿಯುವ ಸಂಭವವಿದ್ದು, ಅಂತಹ ಜೀವಿಯನ್ನು ನೀರಿಗೆ ಮರಳಿ ಬಿಟ್ಟರೂ ಅದು ಉಳಿಯುತ್ತದೆಂದು ಹೇಳಲಾಗದು.

ಮೇಲ್ಮುಖವಾಗಿರುವುದಕ್ಕೆ ಕಾರಣವಿದೆ. ಇತರ ದ್ವಿಕವಾಟಿಗಳಂತೆ ಇದೂ ಕಿವಿರುಗಳ ಮೂಲಕ ನೀರನ್ನು ಸೋಸಿ ಸೂಕ್ಷ್ಮ ಜೀವಿಗಳನ್ನು ಆಹಾರವಾಗಿ ಪಡೆಯುತ್ತದೆ. ಅದರ ಜೊತೆಗೆ, ಹೊರಚಾಚಿದ ತುಟಿಯಂತಹ ಮೇಲುಹೊದಿಕೆಯಲ್ಲಿ ಜೂಜ್ಯಾಂತೆಲ್ಲೆ ಎಂಬ ಏಕಕೋಶ ಪಾಚಿಗಳು ಅಸಂಖ್ಯಾತವಾಗಿ ನೆಲೆಸಿರುತ್ತವೆ. ಜಠರದಿಂದ ಕವಲೊಡೆದು ಮೇಲುಹೊದಿಕೆಯೊಳಗೆ ಹಬ್ಬಿರುವ ಸೂಕ್ಷ್ಮ ನಾಳಗಳಲ್ಲಿ ಇವು ವಾಸಿಸುತ್ತವೆ. ಸೂರ್ಯನ ಬೆಳಕಿನಿಂದ ಪಾಚಿಗಳು ತಯಾರಿಸುವ ಸಕ್ಕರೆ ಮುಂತಾದ ಪೋಷಕಾಂಶಗಳ ಬಹುಪಾಲು ಚಿಪ್ಪುಜೀವಿಗೆ ಸಲ್ಲುತ್ತದೆ. ಪ್ರತಿಯಾಗಿ ಪಾಚಿಗಳಿಗೆ ಆಶ್ರಯವೂ, ಜೀವಿಯ ದೇಹದಿಂದ ಹೊರಬೀಳುವ ಸಾರಜನಕಯುಕ್ತ ತ್ಯಾಜ್ಯವು ಗೊಬ್ಬರವಾಗಿಯೂ ದೊರೆಯುತ್ತದೆ.

ಆದ್ದರಿಂದ ದೈತ್ಯ ಕಪ್ಪೆಚಿಪ್ಪು ಬೆಳಕು ಚೆನ್ನಾಗಿ ಬೀಳುವ ಆಳವಿಲ್ಲದ ನೀರನ್ನು ಬಿಟ್ಟು ಬಾಳಲಾರದು. ಇಳಿತದ ಸಮಯದಲ್ಲಿ ದಿಬ್ಬದ ಮೇಲೆ ನಡೆದುಹೋಗುವವರ ಕೈಗೆ ಅದು ಸುಲಭವಾಗಿ ಎಟುಕುವುದಕ್ಕೂ ಇದೇ ಕಾರಣ. ಬದುಕಲು ಬೇಕಾದ ಬೆಳಕೇ ಅದನ್ನು ಅಪಾಯಕ್ಕೂ ಒಡ್ಡುತ್ತದೆ.

3. ಬೆಳವಣಿಗೆ

ಅಳಿವೆಗಳ ಮರುವಾಯಿಯಂತಹ ಚಿಪ್ಪುಗಳು ಒಂದೆರಡು ವರ್ಷಗಳೊಳಗೆ ಮಾರಾಟದ ಗಾತ್ರಕ್ಕೆ ಬರುತ್ತವೆ. ಟ್ರೈಡ್ಯಾಕ್ನಾ ಮ್ಯಾಕ್ಸಿಮಾದ ಬೆಳವಣಿಗೆಯು ಇದಕ್ಕಿಂತ ನಿಧಾನವಾದುದು. ಕಲ್ಲಿನ ಮೇಲೆ ನೆಲೆಗೊಂಡಾಗ ಮರಿಯ ಗಾತ್ರವು ಸುಮಾರು 0.2 ಮಿಲಿಮೀಟರ್ ಮಾತ್ರ. ಮೊದಲ ವರ್ಷದ ಕೊನೆಗೆ ಅದು ಸುಮಾರು 2 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ನಂತರದ ಕೆಲವು ವರ್ಷಗಳಲ್ಲಿ, ಬೆಳಕು ಮತ್ತು ನೀರಿನ ಸ್ಥಿತಿಗನುಗುಣವಾಗಿ, ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ಗಳಷ್ಟು ಬೆಳೆಯುತ್ತದೆ. ವಯಸ್ಸಾದಂತೆ ಉದ್ದದ ಬೆಳವಣಿಗೆಯು ಮತ್ತಷ್ಟು ಕುಂಠಿತವಾಗಿ ಚಿಪ್ಪು ದಪ್ಪವಾಗತೊಡಗುತ್ತದೆ. ಅಂಗೈ ಅಗಲವನ್ನು ಮೀರಿದ ಚಿಪ್ಪೊಂದು ಹಲವು ವರ್ಷಗಳ ಬೆಳವಣಿಗೆಯ ಫಲವಾಗಿರುತ್ತದೆ. ಈ ಜೀವಿಗಳು ದಶಕಗಳ ಕಾಲ ಬದುಕಬಲ್ಲವು.

ಚಿಪ್ಪು ಅರಾಗೊನೈಟ್ ಎಂಬ ರೂಪದ ಕ್ಯಾಲ್ಸಿಯಂ ಕಾರ್ಬೋನೇಟ್‌ನಿಂದ ರಚಿತವಾಗಿದ್ದು, ಪದರದ ಮೇಲೆ ಪದರವಾಗಿ ಬೆಳೆಯುತ್ತದೆ. ದೈತ್ಯ ಕಪ್ಪೆಚಿಪ್ಪುಗಳಲ್ಲಿ ದಿನಕ್ಕೊಂದರಂತೆ ಮೂಡುವ ಅತಿ ಸೂಕ್ಷ್ಮ ಗೆರೆಗಳನ್ನು ವಿಜ್ಞಾನಿಗಳು ಗುರುತಿಸಿದ್ದು, ಹಿಂದಿನ ಕಾಲದ ಸಮುದ್ರದ ಉಷ್ಣತೆಯನ್ನು ತಿಳಿಯಲು ಅವುಗಳನ್ನು ಬಳಸಲಾಗುತ್ತಿದೆ. ಮರದ ಕಾಂಡದಲ್ಲಿರುವ ವರ್ಷದ ಉಂಗುರಗಳಂತೆ ಈ ಗೆರೆಗಳೂ ಜೀವಿಯ ಆಯುಸ್ಸಿನ ದಾಖಲೆಯಾಗಿವೆ.

4. ಸಂತಾನೋತ್ಪತ್ತಿ

ದೈತ್ಯ ಕಪ್ಪೆಚಿಪ್ಪಿನ ಸಂತಾನೋತ್ಪತ್ತಿಯಲ್ಲಿ ಮೂರು ವಿಶೇಷಗಳನ್ನು ಗಮನಿಸಬೇಕಾಗಿದೆ.

ಮೊದಲನೆಯದಾಗಿ, ಈ ಜೀವಿಯು ಎಳೆಯ ವಯಸ್ಸಿನಲ್ಲಿ ಗಂಡಾಗಿದ್ದು, ಬೆಳೆದ ಬಳಿಕ ಉಭಯಲಿಂಗಿಯಾಗುತ್ತದೆ. ಸಣ್ಣ ಚಿಪ್ಪುಗಳು ವೀರ್ಯಾಣುಗಳನ್ನು ಮಾತ್ರ ಉತ್ಪಾದಿಸುತ್ತವೆ. ಮತ್ತಷ್ಟು ವರ್ಷ ಬೆಳೆದು ದೊಡ್ಡದಾದ ನಂತರವೇ ಅದೇ ದೇಹದಲ್ಲಿ ಅಂಡಗಳೂ ಉತ್ಪತ್ತಿಯಾಗತೊಡಗುತ್ತವೆ. ಅಂದರೆ, ದಿಬ್ಬದ ಮೇಲಿನ ಎಲ್ಲ ಅಂಡಗಳೂ ದೊಡ್ಡ ಚಿಪ್ಪುಗಳಿಂದಲೇ ಬರತಕ್ಕವು.

ಎರಡನೆಯದಾಗಿ, ಗರ್ಭಧಾರಣೆಯು ದೇಹದೊಳಗೆ ನಡೆಯದೆ ಸಮುದ್ರದ ನೀರಿನಲ್ಲಿಯೇ ನಡೆಯುತ್ತದೆ. ಪ್ರೌಢ ಜೀವಿಯು ಮೊದಲು ವೀರ್ಯಾಣುಗಳನ್ನು ಬಿಡುಗಡೆ ಮಾಡಿ, ಸ್ವಲ್ಪ ಸಮಯದ ಅಂತರದ ನಂತರ ಅಂಡಗಳನ್ನು ಹೊರಚಿಮ್ಮುತ್ತದೆ. ಈ ಅಂತರದಿಂದಾಗಿ ತನ್ನದೇ ವೀರ್ಯಾಣುವಿನಿಂದ ತನ್ನ ಅಂಡವು ಫಲಿತಗೊಳ್ಳುವ ಸಂಭವವು ಕಡಿಮೆಯಾಗುತ್ತದೆ. ಅಂಡಗಳೊಂದಿಗೆ ನೀರಿಗೆ ಸೇರುವ ರಾಸಾಯನಿಕ ಸೂಚನೆಯನ್ನು ಗ್ರಹಿಸಿದ ನೆರೆಯ ಚಿಪ್ಪುಗಳು ತಾವೂ ವೀರ್ಯಾಣುಗಳನ್ನು ಬಿಡತೊಡಗುತ್ತವೆ. ಹೀಗೆ ಒಂದರಿಂದೊಂದಕ್ಕೆ ಸೂಚನೆ ಹಬ್ಬಿ, ದಿಬ್ಬದ ಒಂದು ಭಾಗದಲ್ಲಿರುವ ಚಿಪ್ಪುಗಳೆಲ್ಲ ಒಂದೇ ಹೊತ್ತಿನಲ್ಲಿ ಸಂತಾನೋತ್ಪತ್ತಿಯಲ್ಲಿ ತೊಡಗಲು ಸಾಧ್ಯವಾಗುತ್ತದೆ.

ಮೂರನೆಯದಾಗಿ, ಅಂಡಗಳ ಸಂಖ್ಯೆಯು ದೇಹದ ಗಾತ್ರವನ್ನು ಅವಲಂಬಿಸಿರುತ್ತದೆ. ಮ್ಯಾಕ್ಸಿಮಾದಂತಹ ಸಣ್ಣ ಪ್ರಭೇದವೂ ಒಂದು ಸಲಕ್ಕೆ ಹತ್ತಾರು ಲಕ್ಷ ಅಂಡಗಳನ್ನು ಬಿಡಬಲ್ಲುದು. ಪೂರ್ಣ ಬೆಳೆದ ಟ್ರೈಡ್ಯಾಕ್ನಾ ಜೈಗಸ್ ಬಿಡಬಲ್ಲ ಅಂಡಗಳ ಸಂಖ್ಯೆಯನ್ನು ಹಲವು ಕೋಟಿಗಳಲ್ಲಿ ಅಂದಾಜಿಸಲಾಗಿದೆ.

5. ಅಂಡದಿಂದ ಮರಿಯವರೆಗೆ

ಫಲಿತ ಅಂಡದ ವ್ಯಾಸವು ಸುಮಾರು 0.1 ಮಿಲಿಮೀಟರ್ ಇರುತ್ತದೆ. ಸುಮಾರು ಅರ್ಧ ದಿನದಲ್ಲಿ ಅದು ಈಜಬಲ್ಲ ಸೂಕ್ಷ್ಮ ಡಿಂಬವಾಗುತ್ತದೆ. ಒಂದೆರಡು ದಿನಗಳಲ್ಲಿ ಡಿಂಬಕ್ಕೆ ಎರಡು ಪುಟ್ಟ ಚಿಪ್ಪುಗಳು ಮೂಡಿ, ಅದು ತೇಲುತ್ತ ಸೂಕ್ಷ್ಮ ಪಾಚಿಗಳನ್ನು ತಿನ್ನತೊಡಗುತ್ತದೆ. ಸುಮಾರು ಒಂದು ವಾರದ ಹೊತ್ತಿಗೆ ಅದಕ್ಕೆ ಕಾಲಿನಂತಹ ಅಂಗವೊಂದು ಬೆಳೆಯುತ್ತದೆ. ಆಗ ಅದು ಕೆಲವೊಮ್ಮೆ ಈಜುತ್ತ, ಕೆಲವೊಮ್ಮೆ ತಳದ ಮೇಲೆ ತೆವಳುತ್ತ ಸೂಕ್ತ ಸ್ಥಳವನ್ನು ಹುಡುಕುತ್ತದೆ. ಒಂದು ವಾರದಿಂದ ಎರಡು ವಾರಗಳೊಳಗೆ ರೂಪಾಂತರ ಹೊಂದಿ ಕಲ್ಲಿನ ಮೇಲೆ ನೆಲೆಗೊಳ್ಳುತ್ತದೆ.

ಪಾಚಿಯೊಂದಿಗಿನ ಸಹಬಾಳ್ವೆಯು ಹುಟ್ಟಿನಿಂದ ಬರುವಂಥದ್ದಲ್ಲ ಎಂಬುದು ಗಮನಾರ್ಹ. ಅಂಡದಲ್ಲಿ ಈ ಪಾಚಿಗಳು ಇರುವುದಿಲ್ಲ. ಪ್ರತಿಯೊಂದು ಹೊಸ ಪೀಳಿಗೆಯೂ ಅವುಗಳನ್ನು ಸಮುದ್ರದ ನೀರಿನಿಂದಲೇ ನುಂಗಿ ಪಡೆಯಬೇಕಾಗುತ್ತದೆ. ರೂಪಾಂತರದ ನಂತರ ಅವು ಜಠರದಿಂದ ಮೇಲುಹೊದಿಕೆಯ ನಾಳಗಳಿಗೆ ಸೇರಿ ನೆಲೆಯೂರುತ್ತವೆ. ಸಕಾಲದಲ್ಲಿ ಪಾಚಿ ದೊರೆಯದ ಮರಿಯು ಬಹುಕಾಲ ಬದುಕಲಾರದು.

ಈ ಪಯಣದುದ್ದಕ್ಕೂ ಮೀನುಗಳು, ಏಡಿಗಳು ಹಾಗೂ ಶಂಖಜಾತಿಯ ಜೀವಿಗಳು ಡಿಂಬಗಳನ್ನೂ ಮರಿಗಳನ್ನೂ ತಿನ್ನುತ್ತವೆ. ಅನೇಕ ಡಿಂಬಗಳು ಪ್ರವಾಹಕ್ಕೆ ಸಿಕ್ಕಿ ಆಳಸಮುದ್ರಕ್ಕೆ ಸೇರಿ ನಾಶವಾಗುತ್ತವೆ. ಲಕ್ಷಾಂತರ ಅಂಡಗಳ ಪೈಕಿ ಪ್ರೌಢಾವಸ್ಥೆಯನ್ನು ತಲುಪುವವು ಬೆರಳೆಣಿಕೆಯಷ್ಟು ಮಾತ್ರ. ಅಂಡಗಳ ಬೃಹತ್ ಸಂಖ್ಯೆಯು ಸಮೃದ್ಧಿಯ ಲಕ್ಷಣವಾಗಿರದೆ, ಅಪಾರ ನಷ್ಟವನ್ನು ತುಂಬಿಕೊಳ್ಳಲು ಪ್ರಕೃತಿಯು ಮಾಡಿರುವ ಏರ್ಪಾಡಾಗಿದೆ.

6. ದೊಡ್ಡ ಚಿಪ್ಪುಗಳು ಏಕೆ ಅಮೂಲ್ಯ

ಮೇಲೆ ವಿವರಿಸಿದ ಅಂಶಗಳನ್ನು ಒಟ್ಟುಗೂಡಿಸಿದಾಗ ದೊಡ್ಡ ಚಿಪ್ಪುಗಳನ್ನು ತೆಗೆಯುವುದರ ಪರಿಣಾಮವು ತಿಳಿಯುತ್ತದೆ.

(ಅ) ಉದ್ದವು ಇಮ್ಮಡಿಯಾದಾಗ ದೇಹದ ಗಾತ್ರವು ಇಮ್ಮಡಿಯಲ್ಲ, ಸುಮಾರು ಎಂಟು ಪಟ್ಟು ಆಗುತ್ತದೆ. ಆದುದರಿಂದ 20 ಸೆಂಟಿಮೀಟರ್‌ನ ಒಂದು ಚಿಪ್ಪಿನ ಬದಲಿಗೆ 10 ಸೆಂಟಿಮೀಟರ್‌ನ ಎರಡು ಚಿಪ್ಪುಗಳಿದ್ದರೆ ಸಾಕೆಂಬ ಲೆಕ್ಕವು ಸರಿಹೊಂದುವುದಿಲ್ಲ.

(ಆ) ಸಣ್ಣ ಚಿಪ್ಪುಗಳು ಗಂಡಾಗಿಯೇ ಇರುವುದರಿಂದ, ದೊಡ್ಡವನ್ನೆಲ್ಲ ಆರಿಸಿ ತೆಗೆದ ದಿಬ್ಬದಲ್ಲಿ ತಾಯಿ ಚಿಪ್ಪುಗಳೇ ಇಲ್ಲದಂತಾಗುತ್ತದೆ. ಮೇಲ್ನೋಟಕ್ಕೆ ಅಲ್ಲಿ ಚಿಪ್ಪುಗಳು ಹೇರಳವಾಗಿ ಕಂಡರೂ ಅಂಡೋತ್ಪತ್ತಿಯು ನಡೆಯದು.

(ಇ) ವೀರ್ಯಾಣುಗಳು ನೀರಿನಲ್ಲಿ ಬೇಗನೆ ಚದುರಿ ವಿರಳವಾಗುತ್ತವೆ. ಎರಡು ಪ್ರೌಢ ಚಿಪ್ಪುಗಳು ಕೆಲವೇ ಮೀಟರುಗಳ ಅಂತರದಲ್ಲಿದ್ದರೆ ಅಂಡಗಳು ಫಲಿಸುವ ಸಾಧ್ಯತೆ ಹೆಚ್ಚು. ಅಂತರವು ಬೆಳೆದಂತೆ ಈ ಸಾಧ್ಯತೆಯು ಕುಗ್ಗುತ್ತದೆ. ಜೀವಿಯು ಚಲಿಸಿ ಜೊತೆಗಾರನನ್ನು ಹುಡುಕಲಾರದು. ನೆರೆಯವನ್ನು ಕಳೆದುಕೊಂಡ ಒಂಟಿ ಚಿಪ್ಪು ಅನೇಕ ವರ್ಷ ಬದುಕಿ, ಪ್ರತಿ ಸಲವೂ ಅಂಡಗಳನ್ನು ಬಿಟ್ಟರೂ, ಸಂತಾನವಿಲ್ಲದೆಯೇ ಅಳಿಯಬಹುದು.

(ಈ) ತೆಗೆದ ಚಿಪ್ಪಿನ ಸ್ಥಾನವನ್ನು ಮತ್ತೊಂದು ತುಂಬಲು ಹಲವು ವರ್ಷಗಳೇ ಬೇಕು. ಒಂದು ಕ್ಷಣದ ಕೀಳುವಿಕೆಯು ಅಷ್ಟೂ ವರ್ಷಗಳ ಬೆಳವಣಿಗೆಯನ್ನು ಇಲ್ಲವಾಗಿಸುತ್ತದೆ.

ಪಲಾವು, ಫಿಲಿಪ್ಪೀನ್ಸ್ ಮುಂತಾದ ದೇಶಗಳಲ್ಲಿ ದೈತ್ಯ ಕಪ್ಪೆಚಿಪ್ಪುಗಳ ಮರಿಗಳನ್ನು ಕೇಂದ್ರಗಳಲ್ಲಿ ಬೆಳೆಸಿ ಸಮುದ್ರಕ್ಕೆ ಬಿಡುವ ಕಾರ್ಯವನ್ನು ಕೈಗೊಳ್ಳಲಾಗಿದೆ. ಆದರೆ ಅಲ್ಲಿಯೂ ಮರಿಗಳನ್ನು ತೊಟ್ಟಿಗಳಲ್ಲಿಯೂ, ನಂತರ ಸಮುದ್ರದಲ್ಲಿ ಬಲೆಯ ರಕ್ಷಣೆಯಲ್ಲಿಯೂ ದೀರ್ಘಕಾಲ ಸಾಕಬೇಕಾಗುತ್ತದೆ. ಇರುವ ತಾಯಿ ಚಿಪ್ಪುಗಳನ್ನು ಇದ್ದಲ್ಲಿಯೇ ಉಳಿಸುವುದು ಇದಕ್ಕಿಂತ ಸುಲಭವೂ ಕಡಿಮೆ ವೆಚ್ಚದ್ದೂ ಆಗಿದೆ. ಲಕ್ಷದ್ವೀಪದಲ್ಲಿ 2000ದ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಾ. ದೀಪಕ್ ಆಪ್ಟೆ ಮತ್ತು ಸಂಗಡಿಗರು ಈ ಚಿಪ್ಪುಗಳ ಸ್ಥಿತಿಗತಿಯ ಅಧ್ಯಯನವನ್ನು ಕೈಗೊಂಡು, ದ್ವೀಪವಾಸಿಗಳ ಸಹಭಾಗಿತ್ವದ ಸಂರಕ್ಷಣೆಗೆ ಒತ್ತು ನೀಡಿದ್ದರು.

7. ಸಮುದ್ರದ ಉಷ್ಣತೆಯ ಪರಿಣಾಮ

ನೀರಿನ ಉಷ್ಣತೆಯು ದೀರ್ಘಕಾಲ ಹೆಚ್ಚಾಗಿಯೇ ಉಳಿದಾಗ ಹವಳಗಳು ತಮ್ಮಲ್ಲಿರುವ ಪಾಚಿಗಳನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತವೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಇಂತಹ ವ್ಯಾಪಕ ಬಿಳಿಚುವಿಕೆ ಕಂಡುಬಂದಿದೆ. ಅದೇ ಬಗೆಯ ಪಾಚಿಗಳನ್ನು ಅವಲಂಬಿಸಿರುವ ದೈತ್ಯ ಕಪ್ಪೆಚಿಪ್ಪು ಸಹ ಬಿಳಿಚಿಕೊಳ್ಳಬಹುದಾಗಿದ್ದು, ಅಂತಹ ಅವಧಿಯಲ್ಲಿ ಆಹಾರದ ಮುಖ್ಯ ಮೂಲವನ್ನೇ ಕಳೆದುಕೊಳ್ಳುತ್ತದೆ. ನೀರು ಬೇಗನೆ ತಣಿದರೆ ಅದು ಚೇತರಿಸಿಕೊಳ್ಳಲು ಅವಕಾಶವಿರುತ್ತದೆ. ಉಷ್ಣತೆಯು ಯಾವುದೇ ಒಬ್ಬ ವ್ಯಕ್ತಿಯ ಹಿಡಿತದಲ್ಲಿಲ್ಲ. ಆದರೆ ಈಗಾಗಲೇ ದುರ್ಬಲಗೊಂಡ ದಿಬ್ಬದಿಂದ ಉಳಿದ ಚಿಪ್ಪುಗಳನ್ನು ತೆಗೆಯದಿರುವುದು ಪ್ರತಿಯೊಬ್ಬರ ಕೈಯಲ್ಲಿದೆ.

8. ಕಾನೂನಿನ ರಕ್ಷಣೆ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಟ್ರೈಡ್ಯಾಕ್ನಾ ಮ್ಯಾಕ್ಸಿಮಾ ಮತ್ತು ಟ್ರೈಡ್ಯಾಕ್ನಾ ಸ್ಕ್ವಾಮೋಸಾ ಪ್ರಭೇದಗಳನ್ನು 2001ರಲ್ಲಿ ಸೇರ್ಪಡೆ ಮಾಡಲಾಯಿತು. ಹುಲಿ ಮತ್ತು ಆನೆಗಳಿಗೆ ದೊರೆಯುವ ಉನ್ನತ ಮಟ್ಟದ ರಕ್ಷಣೆಯೇ ಈ ಚಿಪ್ಪುಜೀವಿಗೂ ದೊರೆತಿದೆ. ಇದನ್ನು ಹಿಡಿಯುವುದು, ಕೊಲ್ಲುವುದು, ಚಿಪ್ಪನ್ನು ಮಾರುವುದು ಅಥವಾ ಕೊಳ್ಳುವುದು ಅಪರಾಧವಾಗಿರುತ್ತದೆ. ಅನುಸೂಚಿ 1ರ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಗಳಿಗೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಹಾಗೂ 2022ರ ತಿದ್ದುಪಡಿಯಂತೆ ಕನಿಷ್ಠ 25,000 ರೂಪಾಯಿಗಳ ಜುಲ್ಮಾನೆಯನ್ನು ವಿಧಿಸಲು ಅವಕಾಶವಿದೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ದೈತ್ಯ ಕಪ್ಪೆಚಿಪ್ಪುಗಳ ಎಲ್ಲ ಪ್ರಭೇದಗಳು 1985ರಿಂದ ಒಳಗೊಂಡಿವೆ.

9. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ದ್ವೀಪಗಳ ನಿವಾಸಿಗಳಲ್ಲದವರು ಲಕ್ಷದ್ವೀಪಕ್ಕೆ ಭೇಟಿ ನೀಡಲು ಪ್ರವೇಶ ಪರವಾನಗಿ ಪಡೆಯುವುದು ಅವಶ್ಯಕ. ಈ ಪರವಾನಗಿಯು ಹವಳ, ಚಿಪ್ಪು ಅಥವಾ ಇತರ ಸಮುದ್ರಜೀವಿಗಳನ್ನು ಸಂಗ್ರಹಿಸಲು ನೀಡಿದ ಅನುಮತಿಯಾಗಿರುವುದಿಲ್ಲ.
• ಇಳಿತದ ಸಮಯದಲ್ಲಿ ಹವಳದ ದಿಬ್ಬದ ಮೇಲೆ ನಡೆಯಬಾರದು. ಮರಿಚಿಪ್ಪುಗಳು ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿದ್ದು, ಕಾಲ್ತುಳಿತಕ್ಕೆ ಸಿಲುಕುತ್ತವೆ.
• ಜೀವಂತ ಚಿಪ್ಪನ್ನು ಮುಟ್ಟುವುದು, ಕೋಲಿನಿಂದ ತಿವಿಯುವುದು ಅಥವಾ ಅಲುಗಿಸುವುದು ಸಲ್ಲದು. ನೆರಳು ಬಿದ್ದೊಡನೆ ಅದು ಮುಚ್ಚಿಕೊಳ್ಳುತ್ತದೆ. ಪದೇ ಪದೇ ಮುಚ್ಚಿಕೊಳ್ಳುವಂತಾದರೆ ಬೆಳಕು ಮತ್ತು ಆಹಾರದಿಂದ ವಂಚಿತವಾಗುತ್ತದೆ.
• ಅಂಗಡಿಗಳಲ್ಲಾಗಲಿ, ಅಂತರಜಾಲದ ಮೂಲಕವಾಗಲಿ ಇದರ ಚಿಪ್ಪನ್ನು ಅಥವಾ ಚಿಪ್ಪಿನಿಂದ ತಯಾರಿಸಿದ ಅಲಂಕಾರಿಕ ವಸ್ತುಗಳನ್ನು ಕೊಳ್ಳಬಾರದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ದಡದಲ್ಲಿ ಬಿದ್ದಿರುವ ಖಾಲಿ ಚಿಪ್ಪನ್ನು ನೆನಪಿಗಾಗಿ ತೆಗೆದುಕೊಂಡು ಹೋಗಬಹುದೇ?
ಹೋಗಬಾರದು. ಕಾನೂನಿನ ವ್ಯಾಖ್ಯೆಯಲ್ಲಿ ಪ್ರಾಣಿಯ ಚಿಪ್ಪು ಸಹ ಒಳಗೊಂಡಿದೆ. ಜೀವಿಯು ತಾನಾಗಿಯೇ ಸತ್ತಿತ್ತೇ ಅಥವಾ ಕೊಲ್ಲಲ್ಪಟ್ಟಿತ್ತೇ ಎಂಬುದನ್ನು ಖಾಲಿ ಚಿಪ್ಪನ್ನು ನೋಡಿ ನಿರ್ಧರಿಸುವುದು ಕಷ್ಟಸಾಧ್ಯ.

ಸಂಶೋಧನೆ ಅಥವಾ ಶಿಕ್ಷಣದ ಉದ್ದೇಶಕ್ಕಾಗಿ ಮಾದರಿಗಳನ್ನು ಸಂಗ್ರಹಿಸಬಹುದೇ?
ಅಧಿನಿಯಮದ 12ನೇ ಪ್ರಕರಣದಡಿ ಇಂತಹ ಉದ್ದೇಶಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ನೀಡಬಹುದಾಗಿದೆ. ಅನುಸೂಚಿ 1ರ ಪ್ರಾಣಿಗಳ ವಿಷಯದಲ್ಲಿ ಕೇಂದ್ರ ಸರ್ಕಾರದ ಪೂರ್ವಾನುಮತಿ ಅಗತ್ಯವಿರುತ್ತದೆ. ಅನುಮತಿ ದೊರೆಯುವ ಮುನ್ನ ಮಾದರಿ ಸಂಗ್ರಹಿಸತಕ್ಕದ್ದಲ್ಲ.

ಛಾಯಾಚಿತ್ರ ತೆಗೆಯಬಹುದೇ?
ಜೀವಿಯನ್ನು ಮುಟ್ಟದೆ, ಹವಳದ ಮೇಲೆ ಕಾಲೂರದೆ, ದೂರದಿಂದ ಚಿತ್ರ ತೆಗೆಯುವುದರಿಂದ ಜೀವಿಗೆ ಹಾನಿಯಾಗುವುದಿಲ್ಲ.

ಈ ಚಿಪ್ಪು ಈಜುಗಾರರ ಕಾಲನ್ನು ಕಚ್ಚಿಹಿಡಿಯುತ್ತದೆ ಎಂಬುದು ನಿಜವೇ?
ಇದು ಕಟ್ಟುಕಥೆ. ಚಿಪ್ಪು ಮುಚ್ಚಿಕೊಳ್ಳುವುದು ಆತ್ಮರಕ್ಷಣೆಗಾಗಿ ಮಾತ್ರ. ಈ ಜೀವಿಯು ಮನುಷ್ಯರ ಮೇಲೆ ಎರಗುವುದಿಲ್ಲ.

ಉಪಸಂಹಾರ

ದೈತ್ಯ ಕಪ್ಪೆಚಿಪ್ಪು ಓಡಲಾರದು, ಅಡಗಲಾರದು, ಜೊತೆಗಾರನನ್ನು ಅರಸಿ ಹೋಗಲಾರದು. ಅದರ ಸಂತತಿಯು ಮುಂದುವರಿಯಬೇಕಾದರೆ ದೊಡ್ಡ ಚಿಪ್ಪುಗಳು ಒಂದರ ಸಮೀಪ ಒಂದು, ತಾವಿರುವ ಕಲ್ಲಿನಲ್ಲಿಯೇ, ದೀರ್ಘಕಾಲ ನೆಮ್ಮದಿಯಿಂದ ಬಾಳಬೇಕು. ಮನೆಯ ಅಲಂಕಾರಕ್ಕೆಂದು ತಂದ ಒಂದು ಚಿಪ್ಪಿನೊಂದಿಗೆ ಮುಂದೆ ಹುಟ್ಟಬೇಕಾಗಿದ್ದ ಅನೇಕ ಪೀಳಿಗೆಗಳೂ ದಿಬ್ಬದಿಂದ ಮರೆಯಾಗುತ್ತವೆ. ದ್ವೀಪಗಳಿಗೆ ಭೇಟಿ ನೀಡುವ ಪ್ರತಿಯೊಬ್ಬರೂ ಇದನ್ನು ಮನಗಂಡು, ಕಂಡ ಚಿಪ್ಪನ್ನು ಕಂಡಲ್ಲಿಯೇ ಬಿಟ್ಟು ಬರುವ ಮೂಲಕ ಸಂರಕ್ಷಣೆಯ ಕಾರ್ಯದಲ್ಲಿ ಸಹಕರಿಸಬೇಕೆಂದು ಕೋರಲಾಗಿದೆ.